ಶಬ್ದಕ್ಕೊಂದು ವಾಕ್ಯ

ಉದಗೀರ
6 ನವೆಂಬರ್ 2023

ಮೀನಲ,

ಒಂದೂವರೆ ವರ್ಷದ ನಂತರ ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಅಪ್ಪ ಕುರಿ ಹೊಡೆದುಕೊಂಡು ಜಳಕೋಟದ ಕಡೆ ಹೋಗಿದ್ದಾನೆ. ಅವ್ವನ ಮೊಣಕಾಲು ಮೊದಲಿನಷ್ಟೇ ನೋಯುತ್ತದೆ. ನಾನು ನಿನ್ನ ಅಣ್ಣನ ಇಂಗ್ಲಿಷ್ ಕ್ಲಾಸಿನಲ್ಲಿ ಮೊದಲಿನಂತೆಯೇ ಕಸ ಹೊಡೆದು ಚಹಾ ಕಾಸುತ್ತೇನೆ.

ಫೋನು ಮಾಡಬಹುದಿತ್ತು. ಆದರೆ ನನ್ನ ಫೋನು ತಮ್ಮ ನಾಗನಾಥನ ಜೇಬಿನಲ್ಲಿರುತ್ತದೆ, ನಿನ್ನದು ನಿನ್ನ ಅತ್ತೆಯ ಕೈಯಲ್ಲಿ. ಕಾಗದವೇ ಒಳ್ಳೆಯದು. ಊರಿನ ಕನ್ನಡ ಶಾಲೆಯಲ್ಲಿ ನಾವಿಬ್ಬರೂ ನಾಲ್ಕನೆಯ ಇಯತ್ತೆಯವರೆಗೆ ಒಂದೇ ಬೆಂಚಿನ ಮೇಲೆ ಕಲಿತದ್ದು ಇದಕ್ಕಾದರೂ ಬರಲಿ. ಗಡಿಯ ಈ ಮರಾಠಿ ಕಡೆ ಮನೆಮನೆಯಲ್ಲೂ ಕನ್ನಡ ಮಾತಾಡುತ್ತಾರೆ, ಓದಲು ಮಾತ್ರ ಬರುವುದಿಲ್ಲ. ಎಲ್ಲರೂ, ನಿನ್ನ ಅಣ್ಣನೂ ಸಹ, ಮರಾಠಿ ಶಾಲೆಗೆ ಹೋದವರು. ಕನ್ನಡದಲ್ಲಿ ಬರೆದ ಕಾಗದಕ್ಕೆ ಕೀಲಿ ಹಾಕಬೇಕಿಲ್ಲ.

ವಿಷಯ ಇಷ್ಟು. ನಿನ್ನ ಅಣ್ಣ ಋಷಿಕೇಶ ಸರ್ ತಮ್ಮ ಇಂಗ್ಲಿಷ್ ಶಬ್ದಗಳ ಪುಸ್ತಕವನ್ನು ಈಗ ಕನ್ನಡದಲ್ಲಿ ತರುತ್ತಾರಂತೆ, ಬೀದರ ಮತ್ತು ಭಾಲ್ಕಿ ಕಡೆಯ ಹುಡುಗರಿಗಾಗಿ. ಮೊನ್ನೆ ನನ್ನನ್ನು ಕರೆದು ಕುರ್ಚಿ ತೋರಿಸಿದರು. ಆರು ವರ್ಷದಲ್ಲಿ ಮೊದಲ ಸಲ.

‘ಕೂಡು ಅನು. ಹನ್ನೆರಡ ನೂರು ಶಬ್ದ ಅವ. ಕಠಿಣ ಶಬ್ದ ಇಂಗ್ಲಿಷಿಂದು, ಅರ್ಥ ಕನ್ನಡದ್ದು, ಶಬ್ದಕ್ಕೊಂದು ವಾಕ್ಯ ಉದಾಹರಣಿ. ಬೀದರ ಕಡೀ ಪೋರಗೋಳಿಗಿ ತಿಳಿಯೋ ಹಂಗ ಬರಿ. ಈ ಸಲ ನಿನ್ನ ಹೆಸರು ಹಾಕ್ತೀನಿ, ನಮ್ಮಪ್ಪನ ಆಣಿ.’

‘ಮ್ಯಾಗ ಹಾಕ್ತೀರೇನ್ರಿ ಸರ್? ಮುಖಪುಟದ ಮ್ಯಾಗ?’

‘ಮ್ಯಾಗೇ ಹಾಕ್ತೀನಿ ತಾಯಿ!’

ಹಿಂದಿನದು ನಿನಗೆ ಗೊತ್ತಿರಬಹುದು, ಇಲ್ಲದಿರಬಹುದು, ಅದಕ್ಕೆ ಬರೆಯುತ್ತೇನೆ. ನಾನು ಇಂಗ್ಲಿಷ್ ಕಲಿತದ್ದು ಕ್ಲಾಸಿನ ಬಾಗಿಲ ಹೊರಗೆ ನಿಂತು, ಮತ್ತು ರದ್ದಿ ಅಂಗಡಿಯಿಂದ ತಂದ ಹರಿದ ಒಂದು ನಿಘಂಟಿನಿಂದ. ಶಬ್ದಗಳು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಆಗ ಅಪ್ಪನ ರೀತಿ ಹಿಡಿದೆ. ನೂರ ನಲವತ್ತು ಕುರಿಗಳನ್ನು ಅಪ್ಪ ಎಣಿಸುವುದಿಲ್ಲ. ಇದು ಅದರ ಮಗಳು, ಅದು ಇದರ ಅಕ್ಕ ಎಂದು ಮುಖ ನೋಡಿ ಹೇಳುತ್ತಾನೆ. ಒಂದು ತಪ್ಪಿದರೆ ಅದರ ತಾಯಿಯ ಹತ್ತಿರ ಹೋಗಿ ಹುಡುಕುತ್ತಾನೆ. ನಾನೂ ಹಾಗೆ ಮಾಡಿದೆ. ಬೆನಿಫಿಟ್, ಅಂದರೆ ಒಳಿತು, ತಾಯಿ. ಬೆನಿಫ್ಯಾಕ್ಟರ್, ಬೆನಿಫಿಶಿಯರಿ, ಬೆನೆವೊಲೆಂಟ್ ಅದರ ಮರಿಗಳು. ಎದುರು ದಿಬ್ಬದ ಮೇಲೆ ಕೇಡು ಬಯಸುವ ಮಲೆವೊಲೆಂಟಿನ ಹಿಂಡು. ಹೀಗೆ ಹನ್ನೊಂದು ನೋಟುಬುಕ್ಕು ತುಂಬಿದವು. ‘ಒಂದಿನ ಕೊಡು, ನೋಡಿ ಕೊಡ್ತೀನಿ’ ಎಂದು ಸರ್ ಒಯ್ದರು. ವಾಪಸು ಬಂದದ್ದು ನೋಟುಬುಕ್ಕಲ್ಲ, ಮರಾಠಿ ಪುಸ್ತಕ. ಮೇಲೆ ಅವರ ಫೋಟೋ, ಕೆಳಗೆ ‘ತಾಯಿ-ಮರಿ ಪದ್ಧತಿ, ಸಂಶೋಧಕರು ಋಷಿಕೇಶ ಸರ್’.

ನಿಲಂಗಾದಲ್ಲಿ ಅದರ ಬಿಡುಗಡೆ ಆದಾಗ ನಾನು ಚಹಾದ ತಟ್ಟೆ ಹಿಡಿದಿದ್ದೆ. ವೇದಿಕೆಯಿಂದ ಅವರು ಮರಾಠಿಯಲ್ಲಿ, ನಮ್ಮ ಝಾಡೂ ಹೊಡೆಯುವವಳೂ ನನ್ನ ಪದ್ಧತಿಯಿಂದ ಇಂಗ್ಲಿಷ್ ಕಲಿತಿದ್ದಾಳೆ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ಏ ಅನು, ಹೇಳ, ಆ ಉದ್ದಂದು ಹೇಳ!’ ಎಂದರು. ನಾನು ‘ಮ್ಯಾಗ್ನಾನಿಮಸ್’ ಎಂದೆ, ದೊಡ್ಡ ಮನಸ್ಸಿನ ಎಂದು ಅದರ ಅರ್ಥ. ಗಿಳಿ ಮಾತಾಡಿದರೆ ತಟ್ಟುವಂತೆ ಸಭೆಯವರೆಲ್ಲ ಚಪ್ಪಾಳೆ ತಟ್ಟಿದರು. ನೀನು ಮುಂದಿನ ಸಾಲಿನಲ್ಲಿ ಕೂತಿದ್ದೆ. ನೀನೂ ತಟ್ಟಿದೆ.

ಎರಡು ಪ್ರಶ್ನೆ. ಆ ನೋಟುಬುಕ್ಕುಗಳ ವಿಷಯ ನಿನಗೆ ಮೊದಲೇ ಗೊತ್ತಿತ್ತೇ? ಈ ಸಲ ನಿನ್ನ ಅಣ್ಣ ಮಾತು ಉಳಿಸಿಕೊಳ್ಳುತ್ತಾರೆಯೇ? ನನಗೆ ಬೇರೇನೂ ಬೇಡ. ಪುಸ್ತಕದ ಮೇಲೆ ಹೆಸರು ಬೇಕು.

ಅನುಸೂಯಾ


ಉಮರ್ಗಾ
19 ನವೆಂಬರ್ 2023

ಪ್ರೀತಿಯ ಅನು,

ನಿನ್ನ ಕಾಗದ ಪೋಸ್ಟಮನ್ ಕೊಟ್ಟಾಗ ಅತ್ತೆ ತುಳಜಾಬಾಯಿ ಜಗಲಿಯ ಮೇಲೆ ಶೇಂಗಾ ಒಡೆಯುತ್ತಿದ್ದರು.

‘ಈ ಜಮಾನಾದಾಗ ಪತ್ರ ಬರಿಯಾಂವ ಯಾಂವ ಅವಾ?’

‘ಅಂವಾ ಅಲ್ರಿ ಅತ್ತೀ, ಆಕಿ. ಅನುಸೂಯಾ, ನಮ್ಮೂರಾಕಿ.’

‘ಹಂಗಾದ್ರ ಓದಿ ತೋರ್ಸು ನೋಡಮಿ.’

ನಾನು ಕಾಗದ ಹಿಡಿದು ಜೋಳದ ಬಿತ್ತನೆ, ಕುರಿಗೆ ಬಂದ ಕೆಮ್ಮು, ನಿನ್ನ ಅವ್ವನ ಮೊಣಕಾಲು ಎಂದು ಬಾಯಿಗೆ ಬಂದದ್ದು ಓದಿದೆ. ‘ಪಾಪ, ಮೊಣಕಾಲಿಗಿ ಎಕ್ಕಿ ಎಲಿ ಕಟ್ಟಂತ ಬರಿ’ ಎಂದರು. ಬರೆದಿದ್ದೇನೆ, ಕಟ್ಟಿರಿ.

ಅಣ್ಣನಿಗೆ ಫೋನು ಮಾಡಿ ಕೇಳಿದೆ. ‘ಹಾಕ್ತೀನಿ ಅಂದೀನಲಾ ಮೀನೂ, ಹಾಕ್ತೀನಿ. ನೀ ಯಾಕ ವಕೀಲಕಿ ಮಾಡ್ಲತಿ?’ ಎಂದು ನಕ್ಕ. ಅವನು ಕೆಟ್ಟವನಲ್ಲ ಅನು. ಮುಂದೆ ಹೋಗುವ ಅವಸರದಲ್ಲಿ ಪಕ್ಕದವರು ಕಾಣುವುದಿಲ್ಲ, ಅಷ್ಟೆ. ಈ ಸಲ ಹಾಕುತ್ತಾನೆ, ಬರೆದು ಕೊಡು.

ನೋಟುಬುಕ್ಕಿನ ವಿಷಯ ನಿಲಂಗಾದ ದಿನದವರೆಗೂ ನನಗೆ ಗೊತ್ತಿರಲಿಲ್ಲ. ಚಪ್ಪಾಳೆ ಎಲ್ಲರೂ ತಟ್ಟಿದರು ಎಂದು ತಟ್ಟಿದೆ. ಅವ್ವ ಪಕ್ಕದಲ್ಲೇ ಇದ್ದಳು.

ನಿನ್ನ ಮೀನಲ


ಉದಗೀರ
8 ಡಿಸೆಂಬರ್ 2023

ಮೀನಲ,

ಗೊತ್ತಿರಲಿಲ್ಲ ಎಂದು ನೀನು ಬರೆದದ್ದನ್ನು ಓದಿದೆ. ಎರಡು ಸಲ ಓದಿದೆ.

ಹನ್ನೆರಡು ನೂರು ವಾಕ್ಯ ಮುಗಿದವು. ಬೆಳಿಗ್ಗೆ ಕ್ಲಾಸು ತೆರೆಯುವ ಮೊದಲು ಕೂತು ಬರೆಯುತ್ತಿದ್ದೆ. ಕೊಡುವ ಮೊದಲು, ಮುಖಪುಟ ತೋರಿಸಿರಿ ಎಂದೆ. ಸರ್ ತೋರಿಸಿದರು. ಅದೇ ಫೋಟೋ, ಕೆಂಪು ಟೈ, ಅವರದೊಂದೇ ಹೆಸರು.

‘ನನ್ನ ಹೆಸರು ಎಲ್ಲದ್ರಿ ಸರ್?’

‘ಒಳಗ ಅದ, ಆಭಾರದ ಪುಟದಾಗ. ಚಹಾದಾಕಿ ಹೆಸರು ಮ್ಯಾಗ ಹಾಕಿದ್ರ ಪುಸ್ತಕ ಯಾರ ತೊಗೋತಾರ ಹೇಳು? ನಿನಗೂ ಶಾಣ್ಯಾತನ ಅದಲ್ಲ.’

ಪರವಾಗಿಲ್ಲ ಎಂದೆ. ಅವರೆದುರು ತಲೆ ಎತ್ತಿ ಜಗಳ ಮಾಡುವ ಧೈರ್ಯ ನನಗೆಂದೂ ಇಲ್ಲ, ನಿನಗೆ ಗೊತ್ತು. ಒಳಗೆ ಹೋಗಿ ಕಾಗದದ ಕಟ್ಟು ತಂದು ಮೇಜಿನ ಮೇಲೆ ಇಟ್ಟೆ.

‘ಒಮ್ಮಿ ಓದಿ ನೋಡ್ರಿ ಸರ್.’

‘ನಾ ಏನ್ ಓದ್ಲಿ? ಕನ್ನಡ ಅಕ್ಷರ ನನಗ ಜಿಲೇಬಿ ಕಂಡಂಗ ಕಾಣ್ತಾವ.’

‘ಯಾರ್ಕಡಿಂದರೆ ಓದ್ಸಿ ಕೇಳ್ರಿ.’

‘ಫುರ್ಸತ್ ಎಲ್ಲದ? ನಿನ್ನ ಮ್ಯಾಲ ಭರೋಸಾ ಅದ.’

‘ಛಾಪಿಸೋಕಿಂತ ಮೊದಲ ಒಂದೇ ಒಂದ್ ಪುಟ ಕೇಳ್ರಿ ಸರ್.’

‘ಏ, ತಲಿ ತಿನಬ್ಯಾಡ, ಚಹಾ ತಾ.’

ಹಿಂಡಿನಲ್ಲಿ ಬೇರೆಯವರ ಕುರಿ ಸೇರಿಕೊಂಡರೆ ಅಪ್ಪ ದಿಬ್ಬ ಹತ್ತಿ ಮೂರು ಸಲ ಕೂಗುತ್ತಾನೆ. ಯಾರೂ ಓಗೊಡದಿದ್ದರೆ ಮುಂದಿನದಕ್ಕೆ ಅವನು ಜವಾಬ್ದಾರನಲ್ಲ. ನಾನು ಮೂರು ಸಲ ಕೂಗಿದೆ.

ಬೀದರಿನಲ್ಲಿ ಟೈಪು ಮಾಡುವ ದತ್ತಾತ್ರಿ ಎಂಬವನು ನಿನ್ನೆ ಫೋನು ಮಾಡಿದ್ದ. ‘ಸರ್, ಉದಾಹರಣಿ ಭಾಳ ಖಡಕ್ ಅವ! ಹಿಂಗ ಬರಿಯಾಕ ಧೈರ್ಯ ಬೇಕು’ ಎಂದನಂತೆ. ಸರ್ ಇಡೀ ಕ್ಲಾಸಿಗೆ ಹೇಳಿಕೊಂಡು ಪೇಡೆ ಹಂಚಿದರು. ನನಗೂ ಒಂದು ಕೊಟ್ಟರು. ತಿಂದೆ.

ಅನುಸೂಯಾ


ಉಮರ್ಗಾ
12 ಜನವರಿ 2024

ಅನು,

ಇದನ್ನು ಅಂಚೆಗೆ ಹಾಕುವುದಿಲ್ಲ. ಆದರೂ ನಿನಗೇ ಬರೆಯುತ್ತಿದ್ದೇನೆ, ಬೇರೆ ಯಾರಿಗೆ ಬರೆಯಲಿ?

ನಿನ್ನ ಪುಸ್ತಕದ ಕರಡು ನನ್ನ ತೊಡೆಯ ಮೇಲಿದೆ. ನಮ್ಮ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ ಎಂದು ಅಣ್ಣ ತಿದ್ದಲು ಕಳಿಸಿದ್ದಾನೆ. ‘ಬರೇ ಕಾನಾ-ಮಾತ್ರಾ, ಕಾಗುಣಿತ ನೋಡು ಮೀನೂ, ಅರ್ಥದ ಉಸಾಬರಿ ಬ್ಯಾಡ, ಅದು ಅನು ನೋಡ್ಯಾಳ’ ಎಂದ.

ನಿನ್ನೆ ಎಳ್ಳ ಅಮವಾಸ್ಯೆ. ಎಲ್ಲರೂ ಹೊಲಕ್ಕೆ ಹೋದಾಗ ತಲೆನೋವೆಂದು ಹೇಳಿ ಮನೆಯಲ್ಲೇ ಉಳಿದೆ. ಮೊದಲ ಇಪ್ಪತ್ತು ಪುಟ ಓದಿ ನಕ್ಕೆ. ಕುರಿ, ಬೇಲಿ, ನಿನ್ನ ಅವ್ವನ ರೊಟ್ಟಿ. ಇಪ್ಪತ್ತೊಂದನೆಯ ಪುಟದಲ್ಲಿ ಇದು ಸಿಕ್ಕಿತು:

‘ಇಂಪೋಸ್ಟರ್: ಸೋಗು ಹಾಕಿದವನು. ಬೇರೆಯವರ ಹನ್ನೊಂದು ನೋಟುಬುಕ್ಕಿನ ಮೇಲೆ ತನ್ನ ಫೋಟೋ ಅಂಟಿಸಿಕೊಂಡ ಋಷಿಕೇಶ ಸರ್ ಒಬ್ಬ ಇಂಪೋಸ್ಟರ್.’

ಆಮೇಲೆ ಓಡೋಡಿ ಓದಿದೆ. ‘ಮೆಂಡೇಶಸ್: ಸುಳ್ಳಾಡುವ. ಉದಗೀರದ ಒಬ್ಬ ಮೆಂಡೇಶಸ್ ಮನುಷ್ಯ ಅಪ್ಪನ ಆಣೆ ಹಾಕಿ ಮರುತಿಂಗಳೇ ಮರೆತ.’ ‘ವಿಂಡಿಕ್ಟಿವ್: ಸೇಡು ಬಿಡದ. ಅನುಸೂಯಾ ವಿಂಡಿಕ್ಟಿವ್ ಹೆಣ್ಣು. ಯಾಕೆ ಎಂದು ನಿಲಂಗಾದಲ್ಲಿ ಚಪ್ಪಾಳೆ ತಟ್ಟಿದವರನ್ನು ಕೇಳಿರಿ.’ ಎಣಿಸಿದೆ, ಇಂಥವು ತೊಂಬತ್ತಾರು. ಉಳಿದವೆಲ್ಲ ಕುರಿ ಮತ್ತು ರೊಟ್ಟಿ. ತೊಂಬತ್ತೇಳನೆಯದು ನನ್ನದು.

‘ಅಕಂಪ್ಲಿಸ್: ತಪ್ಪಿನಲ್ಲಿ ಪಾಲುಗಾರ. ಅಣ್ಣನ ಕೈಯಲ್ಲಿ ಗೆಳತಿಯ ನೋಟುಬುಕ್ಕು ನೋಡಿಯೂ ಸುಮ್ಮನಿದ್ದ ಮೀನಲ ಒಬ್ಬ ಅಕಂಪ್ಲಿಸ್.’

ನೀನು ನನ್ನ ಸುಳ್ಳನ್ನು ನಂಬಿಲ್ಲ. ಆದರೆ ನಿನಗೆ ಅರ್ಧವೇ ಗೊತ್ತು. ನಾನು ಬರೇ ನೋಡಲಿಲ್ಲ ಅನು. ನಿನ್ನ ನೋಟುಬುಕ್ಕಿನಲ್ಲಿ ಅರ್ಥಗಳೆಲ್ಲ ಕನ್ನಡದಲ್ಲಿದ್ದವಲ್ಲ, ಅಣ್ಣನಿಗೆ ಅವನ್ನು ಓದಿ ಹೇಳಿದವರು ಯಾರು ಎಂದು ನೀನು ಎಂದೂ ಯೋಚಿಸಲಿಲ್ಲವೇ? ತವರಿನ ಪಡಸಾಲೆಯಲ್ಲಿ ಹದಿನೈದು ದಿನ ನಾನು ಓದಿದೆ, ಅವನು ಮರಾಠಿಯಲ್ಲಿ ಬರೆದುಕೊಂಡ. ಅನೂನ ಕೇಳಿಯೇ ತಂದೀನಿ ಎಂದಿದ್ದ. ಮೂರನೆಯ ನೋಟುಬುಕ್ಕಿನ ಅಂಚಿನಲ್ಲಿ ನೀನು ಸಣ್ಣ ಅಕ್ಷರದಲ್ಲಿ ‘ಇದು ಎಂದಾದರೂ ನನ್ನ ಪುಸ್ತಕ ಆಗಲಿ’ ಎಂದು ಬರೆದಿದ್ದೆ. ಅದನ್ನು ಓದಿದಾಗಲೇ ತಿಳಿಯಿತು. ಆ ಸಾಲು ಬಿಟ್ಟು ಮುಂದಿನದು ಓದಿದೆ. ನಿಲ್ಲಿಸಿದರೆ ಅಣ್ಣ ಸಿಟ್ಟಾಗುತ್ತಾನೆ ಎಂಬುದಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಇಲ್ಲ.

ಈಗ ಕೈಯಲ್ಲಿ ಕೆಂಪು ಪೆನ್ನಿದೆ. ತೊಂಬತ್ತೇಳು ವಾಕ್ಯ ಹೊಡೆದು ಹಾಕಲು ಒಂದು ತಾಸು ಸಾಕು. ಇಲ್ಲವೇ ಅಣ್ಣನಿಗೆ ಒಂದು ಫೋನು. ಬೆಳಗಿನಿಂದ ತಪ್ಪು ಹುಡುಕುತ್ತಿದ್ದೇನೆ. ಆ ವಾಕ್ಯಗಳಲ್ಲಿ ಸಿಕ್ಕದ್ದು ಕಾಗುಣಿತದ ಮೂರು ತಪ್ಪು ಮಾತ್ರ.


ಉಮರ್ಗಾ
13 ಜನವರಿ 2024

ಪ್ರೀತಿಯ ಅನು,

ಎಳ್ಳ ಅಮವಾಸ್ಯೆ ಚೆನ್ನಾಗಿ ಆಯಿತು. ಎಲ್ಲರೂ ಹೊಲದಲ್ಲಿ ಊಟ ಮಾಡಿದರು. ಅಂಬಲಿ ಸ್ವಲ್ಪ ಹೆಚ್ಚೇ ಹುಳಿಯಾಗಿತ್ತಂತೆ, ನಿನ್ನ ಭಾವ ಮಾತ್ರ ಮೂರು ಲೋಟ ಕುಡಿದರು. ಕಡಲೆಗೆ ಹುಳ ಬಿದ್ದಿದೆ.

ಪುಸ್ತಕ ಅಚ್ಚಿಗೆ ಹೋಗುತ್ತದಂತೆ. ಬರೆದದ್ದರಲ್ಲಿ ಏನಾದರೂ ಅಳಿಸಬೇಕು ಅಂತ ನಿನಗೆ ಅನಿಸಿದರೆ ಈಗಲೇ ಹೇಳು. ಅಚ್ಚಾದ ಮೇಲೆ ಆಗುವುದಿಲ್ಲ. ಜನ ಓದುತ್ತಾರೆ, ನಿನ್ನ ಅಪ್ಪ-ಅವ್ವ ಅದೇ ಊರಿನಲ್ಲಿ ಬಾಳಬೇಕು, ಅದಕ್ಕೆ ಕೇಳಿದೆ. ಹದಿನೈದು ದಿನ ಕಾಯುತ್ತೇನೆ.

ನಿನ್ನ ಮೀನಲ


ಉದಗೀರ
27 ಜನವರಿ 2024

ಮೀನಲ,

ನಿನ್ನ ಅಣ್ಣ ನಿನ್ನಿಂದ ಕೇಳಿಸಿದನೇ? ಅವನಿಗೆ ಏನಾದರೂ ವಾಸನೆ ಬಡಿದಿದೆಯೇ? ಹಾಗಿದ್ದರೆ ಎದುರಿಗೆ ಬಂದು ಕೇಳಲಿ. ಅಂಬಲಿ, ಕಡಲೆ ಎಂದು ಸುತ್ತು ಬಳಸಿ ನೀನು ಕೇಳಬೇಕಿಲ್ಲ. ನನ್ನ ಅಪ್ಪ-ಅವ್ವನ ಚಿಂತೆ ನಿನಗೆ ಇದ್ದಕ್ಕಿದ್ದ ಹಾಗೆ ಯಾಕೆ ಬಂತು? ನೀವು ಹೊಲದವರು, ನಾವು ನಿಮ್ಮ ಹೊಲದಲ್ಲಿ ಗೊಬ್ಬರಕ್ಕೆ ಕುರಿ ತರುಬುವವರು, ಅದನ್ನು ನೆನಪಿಸಿದೆಯಾ?

ಒಂದಕ್ಷರವೂ ಅಳಿಸುವುದಿಲ್ಲ.

ಮಾರ್ಚ್ ಮೂರು, ರವಿವಾರ, ಭಾಲ್ಕಿಯಲ್ಲಿ ಬಿಡುಗಡೆ. ಶಾಲೆಯ ಮಕ್ಕಳನ್ನೆಲ್ಲ ಕರೆಸುತ್ತಾರಂತೆ. ನೀನೂ ಬಾ. ಇರಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂಡು.

ಅನುಸೂಯಾ


ಉದಗೀರ
4 ಮಾರ್ಚ್ 2024

ಮೀನಲ,

ನೀನು ಬರಲಿಲ್ಲ. ಮುಂದಿನ ಸಾಲನ್ನು ಮೂರು ಸಲ ನೋಡಿದೆ.

ಆದದ್ದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳುತ್ತೇನೆ. ಅಧ್ಯಕ್ಷರು ಮನ್ಮಥಪ್ಪ ಎಂಬ ಮುಪ್ಪಾದ ಹೆಡ್‌ಮಾಸ್ತರು. ಪುಸ್ತಕದ ಕಟ್ಟು ಬಿಚ್ಚಿ, ಮಕ್ಕಳಿಗೆ ಹಂಚಿಸಿ, ಒಂದನ್ನು ಎತ್ತಿ, ಹತ್ತನೆಯ ತರಗತಿಯ ಕಾಜಲ ಎಂಬ ಹುಡುಗಿಯನ್ನು ವೇದಿಕೆಗೆ ಕರೆದರು. ‘ಯಾವದಾರೆ ಪುಟ ತಗದು ಓದವಾ, ಎಲ್ಲರಿಗೂ ಕೇಳ್ಲಿ.’

ಮೊದಲು ಆಕೆ ಓದಿದ್ದು ಟೆನೇಶಸ್. ‘ನಮ್ಮ ಬೋಳಿ ಕುರಿ ಟೆನೇಶಸ್, ಬೇಲಿ ದಾಟುವ ತನಕ ಬಿಡುವುದಿಲ್ಲ.’ ಮಕ್ಕಳು ನಕ್ಕರು. ಸರ್ ಎದ್ದು ಕೈ ಮುಗಿದರು. ‘ಭಾಳ ಛಲೋ. ಇನ್ನೊಂದ್ ಓದು.’ ಎರಡನೆಯದು ಇಂಪೋಸ್ಟರ್.

ಮನ್ಮಥಪ್ಪನವರು ಮೊದಲು ನಕ್ಕರು. ‘ನೋಡ್ರಿ, ಸರ್ ತಮ್ಮನ್ನ ತಾವೇ ಚೇಷ್ಟಾ ಮಾಡ್ಕೊಂಡಾರ. ದೊಡ್ಡ ಮನಸ್ಸಿನವರು!’ ನಿನ್ನ ಅಣ್ಣನಿಗೆ ಕನ್ನಡ ಓದಲು ಬಾರದು, ಕೇಳಿದರೆ ತಿಳಿಯುತ್ತದಲ್ಲ. ಅವರ ಮುಖ ಒಗೆದು ಹಿಂಡಿದ ಬಟ್ಟೆಯಂತಾಯಿತು.

‘ಅದು... ಪ್ರಿಂಟ್ ಮಿಸ್ಟೇಕ್ ಅದರಿ. ಬ್ಯಾರೆ ಪುಟ ಓದ್ಸ್ರಿ.’

‘ಯಾವ ಪುಟ ಓದ್ಲಿರಿ ಸರ್?’ ಕಾಜಲ ಪಾಪ ಮರ್ಯಾದೆಯಿಂದಲೇ ಕೇಳಿದಳು.

ಅವರು ಪುಸ್ತಕ ಕಸಿದುಕೊಂಡು, ತಿಳಿದವರ ಹಾಗೆ ಹಾಳೆ ತಿರುವಿ, ಒಂದು ಕಡೆ ಬೆರಳಿಟ್ಟರು. ‘ಇದು ಓದು.’ ನೂರಾರು ಕಣ್ಣು ಅವರ ಬೆರಳಿನ ಮೇಲೆ. ಕಾಜಲ ಓದಿದಳು:

‘ಇಗ್ನೊರೇಮಸ್: ಏನೂ ತಿಳಿಯದವನು. ತನ್ನ ಪುಸ್ತಕವನ್ನು ತಾನೇ ಓದಲಾರದವನು ಇಗ್ನೊರೇಮಸ್. ಈ ವಾಕ್ಯವನ್ನು ಯಾರಾದರೂ ಸರ್‌ಗೆ ಓದಿ ಹೇಳಿರಿ.’

ಮೀನಲ, ಆ ನಗೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನಿಲಂಗಾದ ಚಪ್ಪಾಳೆಯ ಮೇಲೆ ಅದನ್ನು ಕಂಬಳಿಯ ಹಾಗೆ ಹೊದಿಸಿದ್ದೇನೆ. ಮಕ್ಕಳೆಲ್ಲ ತಮ್ಮ ತಮ್ಮ ಕೈಯ ಪುಸ್ತಕ ತೆರೆದರು. ‘ಇಲ್ಲಿ ಇನ್ನೊಂದದ!’ ‘ಇಲ್ನೋಡಲೇ, ಇಲ್ಲೂ ಅದ!’ ಎಂದು ಸಾಲುಸಾಲಿನಿಂದ ಕೂಗಿದರು. ಸರ್ ಒಬ್ಬೊಬ್ಬರ ಕೈಯಿಂದ ಕಸಿಯಲು ಓಡಾಡಿದರು. ಯಾವ ಪುಟ ಕುರಿಯದು, ಯಾವುದು ತಮ್ಮದು ಎಂದು ಅವರಿಗೆ ಹೇಗೆ ತಿಳಿಯಬೇಕು?

ಅಷ್ಟರಲ್ಲಿ ಕಾಜಲ ಅಕಂಪ್ಲಿಸ್ ಓದಿದಳು. ನಿನ್ನ ಹೆಸರು ಬಂದಾಗ ನನಗೆ ಹಬ್ಬವಾಗಬೇಕಿತ್ತು. ಆಕೆ ನನ್ನ ವಾಕ್ಯ ಮುಗಿಸಿದಳು, ನಿಲ್ಲಲಿಲ್ಲ. ‘ಆಕೆ ಬರೇ ನೋಡಲಿಲ್ಲ, ಹನ್ನೊಂದು ನೋಟುಬುಕ್ಕನ್ನೂ ಅಣ್ಣನಿಗೆ ಓದಿ ಹೇಳಿದವಳು ಆಕೆಯೇ. ಇದನ್ನು ಬರೆದವಳು ಮೀನಲ.’

ಆ ವಾಕ್ಯ ನನ್ನದಲ್ಲ. ನನ್ನ ಹನ್ನೆರಡು ನೂರನ್ನೂ ನಾನು ಮುಖ ನೋಡಿ ಗುರುತಿಸುತ್ತೇನೆ. ಅದು ಬೇರೆ ಹಿಂಡಿನಿಂದ ಬಂದದ್ದು.

ಕರಡು ನಿನ್ನ ಹತ್ತಿರ ಬಂದಿತ್ತು. ಜನವರಿಯಲ್ಲೇ ಓದಿದ್ದೆ. ಅಂಬಲಿಯ ಕಾಗದ ಬರೆಯುವಾಗ ನಿನಗೆ ಎಲ್ಲ ಗೊತ್ತಿತ್ತು. ನಾನು ಅದನ್ನು ಪೂರಾ ತಪ್ಪು ತಿಳಿದೆ. ಆದರೂ ಕೇಳು. ನಿನಗೆ ಕೊಡಬೇಕೆಂದು ನಾನು ಎತ್ತಿದ ಪೆಟ್ಟನ್ನು ನೀನೇ ಹೊಡೆದುಕೊಂಡುಬಿಟ್ಟೆ. ಅದಕ್ಕೂ ನನಗೆ ಸಿಟ್ಟು ಬಂದಿದೆ. ಹದಿನೈದು ದಿನ ಓದಿ ಹೇಳಿದೆಯಾ? ಹನ್ನೊಂದನ್ನೂ?

ಸರ್ ಯಾರನ್ನು ಕೆಂಗಣ್ಣಿನಿಂದ ನೋಡುತ್ತಾರೆ ಎಂದು ಗಮನಿಸಿದ್ದ ಮನ್ಮಥಪ್ಪನವರು ಹೋಗುವಾಗ ನನ್ನ ಮುಂದೆ ನಿಂತು, ಮುಖಪುಟದ ಮೇಲಿನ ಹೆಸರಿಗೆ ಗೀಟು ಹೊಡೆದು, ‘ನಿನ್ನ ಹೆಸರು ಏನವ್ವಾ?’ ಎಂದರು. ಇಷ್ಟೆಲ್ಲ ಮಾಡಿದವಳಿಗೆ ಹೆಸರು ಹೇಳುವಾಗ ನಾಚಿಕೆ. ಕಾಜಲಳೇ ‘ವಿಂಡಿಕ್ಟಿವ್’ ಇದ್ದ ಪುಟ ತೆರೆದು ಹೇಳಿದಳು.

ಕ್ಲಾಸಿನ ಕೀಲಿ ಮೇಜಿನ ಮೇಲಿಟ್ಟು ಬಂದಿದ್ದೇನೆ. ನಾಳೆ ವಲಾಂಡಿಗೆ, ಹಿಂಡಿನೊಂದಿಗೆ ಅಲ್ಲಿರುವ ಅಪ್ಪನ ಹತ್ತಿರ.

ಅನುಸೂಯಾ


ಉಮರ್ಗಾ
21 ಮಾರ್ಚ್ 2024

ಅನು,

ಹೌದು, ಹನ್ನೊಂದನ್ನೂ.

ಕ್ಷಮೆ ಕೇಳುವುದಿಲ್ಲ. ಅಚ್ಚಿನಲ್ಲಿ ಹೇಳಿಯಾಗಿದೆ. ಅವ್ವ ಮೀರಾಬಾಯಿ ಫೋನಿನಲ್ಲಿ, ‘ಹಡದ ಹೊಟ್ಟಿಗಿ ಬೆಂಕಿ ಇಟ್ಟಿ, ಇನ್ನ ಈ ಹೊಸ್ತಿಲಾ ತುಳೀಬ್ಯಾಡ’ ಎಂದಳು. ಅಪ್ಪ ರಾಚಯ್ಯ ಫೋನಿಗೇ ಬರಲಿಲ್ಲ. ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ, ಸುದ್ದಿ ಎಂದು ಬರೆದೆ.

ಅಣ್ಣ ನಿನ್ನೆ ಬಂದಿದ್ದ. ಕ್ಲಾಸಿನ ಹುಡುಗರು ಬೋರ್ಡಿನ ಮೇಲೆ ದಿನಾ ಇಗ್ನೊರೇಮಸ್ ಎಂದು ಬರೆದಿಡುತ್ತಾರಂತೆ. ಗಡಿಯಾಚೆಯಿಂದ ಅಂಗಡಿಯವರು, ‘ಆ ಮಜಾದ ಪುಸ್ತಕ ಕಳಸ್ರಿ’ ಎಂದು ಫೋನಿನ ಮೇಲೆ ಫೋನು ಮಾಡುತ್ತಾರೆ. ಇವನು ಕಟ್ಟುಗಳನ್ನೆಲ್ಲ ಕೋಣೆಯಲ್ಲಿ ಹಾಕಿ ಬಾಗಿಲು ಮುಚ್ಚಿದ್ದಾನೆ. ಅವನನ್ನು ಹೆಚ್ಚು ಹೈರಾಣ ಮಾಡಿದ್ದು ಸಭೆಯಲ್ಲಿ ಕೇಳಿದ್ದಲ್ಲ, ಕೇಳದೆ ಉಳಿದದ್ದು. ಬೀದಿಯಲ್ಲಿ ಯಾರಾದರೂ ನಕ್ಕರೆ, ಯಾವ ಪುಟ ನೆನೆದು ನಕ್ಕರು ಎಂದು ತಿಳಿಯುವುದಿಲ್ಲ.

‘ಮೀನೂ, ಓದಿ ಹೇಳ. ಎಲ್ಲಾ ಓದಿ ಹೇಳ.’

‘ಒಮ್ಮಿ ಓದಿ ಹೇಳೇ ಇಷ್ಟೆಲ್ಲಾ ಆಗ್ಯಾದ ಅಣ್ಣಾ. ಇನ್ನ ಓದಾಂಗಿಲ್ಲ.’

ಮೊದಲು ಒದರಾಡಿದ. ಆಮೇಲೆ ಅತ್ತ. ಕೊನೆಗೆ, ‘ಆಕಿಗಿ ಏನ ಬೇಕಂತ ಕೇಳು. ಹೊಸಾದು ಛಾಪಸ್ತೀನಿ, ಆಕೀದೊಂದೇ ಹೆಸರು ಹಾಕ್ತೀನಿ. ಈ ಪುಸ್ತಕ ಮಾತ್ರ ಹೊರಗ ಬರಬಾರದು’ ಎಂದು ಹೇಳಿ ಹೋದ. ಕೇಳಿದ್ದೇನೆ. ಉತ್ತರ ನಿನ್ನದು.

ಮೀನಲ


ವಲಾಂಡಿ
31 ಮಾರ್ಚ್ 2024

ಮೀನಲ,

ನಿನ್ನ ಅವ್ವನ ಹೊಸ್ತಿಲಿನ ಸುದ್ದಿ ಓದಿದೆ. ಖುಷಿಯಾಗಬೇಕಿತ್ತು, ಆಗಲಿಲ್ಲ. ನಿನ್ನ ಮೇಲಿನ ಸಿಟ್ಟು ಹೋಗಿದೆ ಎಂದು ಮಾತ್ರ ತಿಳಿಯಬೇಡ. ಹಾಗೇ ಇದೆ. ಆದರೂ ಕಾಗದ ಬರೆ.

ನಿನ್ನ ಅಣ್ಣನಿಗೆ ಹೇಳು. ತೊಂಬತ್ತೇಳರ ಜಾಗಕ್ಕೆ ಒಳ್ಳೆಯ ವಾಕ್ಯಗಳನ್ನು ಕೊಡುತ್ತೇನೆ. ಅವು ಡಿಸೆಂಬರಿನಲ್ಲೇ ಸಿದ್ಧ ಇದ್ದವು. ಮುಖಪುಟದಲ್ಲಿ ಹೆಸರು ಕಂಡಿದ್ದರೆ ಅಂದೇ ಅವನ್ನು ಕೊಡುತ್ತಿದ್ದೆ. ಹೊಸ ಪುಸ್ತಕದಲ್ಲಿ ಫೋಟೋ ಬೇಡ, ನನ್ನದೂ ಬೇಡ. ಹೆಸರು ನನ್ನದೊಂದೇ. ಅದು ದತ್ತಾತ್ರಿಯ ಟೈಪಿನ ಅಕ್ಷರ ಆಗಬಾರದು. ಋಷಿಕೇಶ ಸರ್ ತಮ್ಮ ಕೈಯಾರೆ ಕನ್ನಡದಲ್ಲಿ ಬರೆದು ಕಳಿಸಬೇಕು, ಅದನ್ನೇ ಮುಖಪುಟದ ಮೇಲೆ ಅಚ್ಚು ಹಾಕಬೇಕು. ನೋಡಿ ಬರೆದದ್ದು, ಚಿತ್ರದ ಹಾಗೆ ಇಳಿಸಿದ್ದು ನಡೆಯುವುದಿಲ್ಲ. ಅಕ್ಷರ ಕಲಿತು ಬರೆಯಬೇಕು. ಕಲಿತದ್ದೋ ಇಳಿಸಿದ್ದೋ ಎಂದು ನನಗೆ ತಿಳಿಯುತ್ತದೆ. ನಾನೂ ಹೊರಗೆ ನಿಂತು ಕಲಿತವಳೇ. ನೀನು ಕಲಿಸು. ಓದಿ ಹೇಳಿದ್ದಕ್ಕೆ ಇದು ನಿನ್ನ ಪಾಲು.

ಅಲ್ಲಿಯವರೆಗೆ ಯಾವ ವಾಕ್ಯವೂ ಸಿಗುವುದಿಲ್ಲ. ಭಾಲ್ಕಿಯಲ್ಲಿ ಹಂಚಿದ ನೂರು ಪುಸ್ತಕ ಊರೂರು ತಿರುಗುತ್ತಿವೆ. ನನಗೆ ಅವಸರವಿಲ್ಲ.

ಅನುಸೂಯಾ


ಉಮರ್ಗಾ
18 ಏಪ್ರಿಲ್ 2024

ಅನು,

ರವಿವಾರಕ್ಕೊಮ್ಮೆ ಬಸ್ಸು ಹಿಡಿದು ಬರುತ್ತಾನೆ. ನಮ್ಮ ಜಗಲಿಯ ಮೇಲೆ ಪಾಟಿ-ಬಳಪ ಹಿಡಿದು ಕೂರುತ್ತಾನೆ. ಅತ್ತೆಗೆ ಇದಕ್ಕಿಂತ ದೊಡ್ಡ ತಮಾಷೆ ಇಲ್ಲ. ‘ಏನ್ರಿ ಸರ್, ಹೋಂವರ್ಕ್ ಮಾಡೀರೇನು?’ ಎಂದು ಕೇಳುತ್ತಾರೆ. ನಾನು ಅವನಿಗೆ ಅರಸ, ಆನೆಯಿಂದ ಶುರು ಮಾಡಲಿಲ್ಲ. ಅ ಎಂದರೆ ಅನುಸೂಯಾ ಎಂದೆ. ಹಲ್ಲು ಕಚ್ಚಿಕೊಂಡು ಹೇಳಿದ. ನಾನು ಇನ್ನೊಮ್ಮೆ ಹೇಳಿಸಿದೆ, ಗಟ್ಟಿಯಾಗಿ.

ಒಂದು ಹಾಳೆ ತುಂಬ ನಿನ್ನ ಹೆಸರು ಬರೆದಿದ್ದಾನೆ, ನಲವತ್ತು ಸಲ. ಇದರೊಂದಿಗೆ ಇಟ್ಟಿದ್ದೇನೆ. ನೋಡು, ಆಗುತ್ತದೆಯೇ?

ಮೀನಲ


ವಲಾಂಡಿ
29 ಏಪ್ರಿಲ್ 2024

ಮೀನಲ,

ಹಾಳೆ ಬಂತು. ಅಪ್ಪನಿಗೂ ತೋರಿಸಿದೆ. ಅವನಿಗೆ ಓದಲು ಬಾರದು. ಬೆರಳಿನಿಂದ ಸಾಲುಸಾಲು ಮುಟ್ಟಿ, ‘ಇವೆಲ್ಲಾ ನಿನ್ನ ಹೆಸರೇನು?’ ಎಂದ. ಹೌದು ಎಂದೆ.

‘ಯಾರ ಬರದಾರ?’

‘ರಾಚಯ್ಯನವರ ಮಗ.’

ಅಪ್ಪ ಹಾಳೆಯನ್ನು ಬೆಳಕಿಗೆ ಹಿಡಿದ. ‘ಎಲ್ಲಾ ಒಂದ ಅವ್ವನ ಮಕ್ಕಳಂಗ ಕಾಣಾಂಗಿಲ್ಲಲ್ಲವಾ’ ಎಂದ.

ನಿಜ. ನಲವತ್ತರಲ್ಲಿ ಎರಡು ಒಂದೇ ಥರ ಇಲ್ಲ. ಹನ್ನೆರಡನೆಯದು ಪರವಾಗಿಲ್ಲ, ಮುಖಪುಟಕ್ಕೆ ಸಾಕಾಗುತ್ತಿತ್ತು. ಅದನ್ನು ಅವನಿಗೆ ಹೇಳಬೇಡ.

ಹಾಳೆ ವಾಪಸು ಕಳಿಸುತ್ತಿದ್ದೇನೆ. ಮತ್ತೆ ಬರೆಸು.

ಅನುಸೂಯಾ